ಡ್ರಮ್ ಕೋರ್ ಮಾರ್ಚಿಂಗ್: ಹೆಜ್ಜೆಯ ಅಳತೆಯಿಂದ ಮೈದಾನದ ಆಕಾರದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಡ್ರಮ್ ಕೋರ್ ಅಂದರೆ ಮೈದಾನದಲ್ಲಿ ಹೆಜ್ಜೆ ಹಾಕುತ್ತಾ ಹಿತ್ತಾಳೆ ವಾದ್ಯ, ಡ್ರಮ್ ನುಡಿಸುವ ಅಮೆರಿಕದ ತಂಡ. ಅಂಥ ಪ್ರದರ್ಶನದ ವಿಡಿಯೋ ನೋಡುವಾಗ ಒಂದು ಕೆಲಸ ಮಾಡಿ. ಇಡೀ ಮೈದಾನವನ್ನು ಬಿಟ್ಟು ಒಬ್ಬನೇ ಒಬ್ಬ ಟ್ರಂಪೆಟ್ ವಾದಕನನ್ನು ಹಿಡಿದುಕೊಳ್ಳಿ. ಪರದೆಯ ಕೆಳಭಾಗಕ್ಕೆ ಕೈ ಅಡ್ಡ ಇಟ್ಟು ಅವನ ಸೊಂಟದಿಂದ ಮೇಲೆ ಮಾತ್ರ ನೋಡಿ. ಒಳ್ಳೆಯ ತಂಡವಾದರೆ ಅವನು ನಡೆಯುತ್ತಿದ್ದಾನೋ ನಿಂತಲ್ಲೇ ಜಾರುತ್ತಿದ್ದಾನೋ ಗೊತ್ತಾಗುವುದಿಲ್ಲ. ಈಗ ಮೇಲಿನ ಭಾಗ ಮುಚ್ಚಿ, ಸೌಂಡ್ ಆಫ್ ಮಾಡಿ, ಕಾಲನ್ನು ಮಾತ್ರ ನೋಡಿ. ಹಾಡಿನ ವೇಗ ಎಷ್ಟು ಅಂತ ಕಾಲು ನೋಡಿಯೇ ಹೇಳಬಹುದು.

ಇಡೀ ಮಾರ್ಚಿಂಗ್ ತಂತ್ರ ಇರುವುದು ಇದಕ್ಕಾಗಿಯೇ. ಕಾಲು ತಾಳ ಹಾಕಬೇಕು, ಆ ತಾಳದ ಅಲುಗಾಟ ಮೇಲಿನ ದೇಹಕ್ಕೆ ತಾಗಬಾರದು. ಮಂಡಿ ಯಾಕೆ ನೇರ, ಹಿಮ್ಮಡಿ ಯಾಕೆ ಮೊದಲು, ಹಿಂದಕ್ಕೆ ನಡೆಯುವಾಗ ಯಾಕೆ ಮುಂಗಾಲು ಅಂತ ಕೇಳಿದರೆ ಉತ್ತರ ಕೊನೆಗೆ ಇಲ್ಲಿಗೇ ಬರುತ್ತದೆ.

ಈ ಲೇಖನ ಇಬ್ಬರಿಗೆ. ಯೂಟ್ಯೂಬ್‌ನಲ್ಲಿ ನೋಡಿ ಬೆರಗಾಗಿ "ಇದನ್ನ ಹೇಗೆ ಮಾಡ್ತಾರೆ" ಅಂತ ಕೇಳುವವರಿಗೆ. ಮತ್ತೆ, ಅಮೆರಿಕದಲ್ಲಿದ್ದು ಮಗನೋ ಮಗಳೋ ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡ್ ಸೇರಿ, ಮನೆಗೆ ಬಂದು "ಡಾಟ್", "ಹ್ಯಾಶ್", "ಎಯ್ಟ್ ಟು ಫೈವ್" ಅಂತೆಲ್ಲ ಮಾತಾಡುವಾಗ ಪಿಳಿಪಿಳಿ ನೋಡುವ ಅಪ್ಪ ಅಮ್ಮಂದಿರಿಗೆ.

ಹಿನ್ನೆಲೆ, ಚುಟುಕಾಗಿ

ಡ್ರಮ್ ಕೋರ್‌ನಲ್ಲಿ ಮೂರು ಭಾಗ: ಹಿತ್ತಾಳೆಯ ಊದುವ ವಾದ್ಯಗಳು, ತಾಳವಾದ್ಯಗಳು, ಬಾವುಟ ಮತ್ತು ಮರದ ರೈಫಲ್ ಹಿಡಿದು ನರ್ತಿಸುವ ಕಲರ್ ಗಾರ್ಡ್. ಕ್ಲಾರಿನೆಟ್, ಸ್ಯಾಕ್ಸೋಫೋನ್, ಕೊಳಲು ಇಲ್ಲಿಲ್ಲ. ಇದರ ಬೇರು ಮಿಲಿಟರಿ ಕವಾಯತಿನಲ್ಲಿದೆ. ಮೊದಲ ಮಹಾಯುದ್ಧದ ನಂತರ ಅಮೆರಿಕದ ಮಾಜಿ ಸೈನಿಕರ ಸಂಘಗಳು ಊರೂರಲ್ಲಿ ಇಂಥ ತಂಡಗಳನ್ನು ಸಾಕಿದವು. ಈಗಿನ ಸ್ಪರ್ಧೆಗಳನ್ನು ನಡೆಸುವ ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಂದರೆ ಡಿಸಿಐ, 1971ರಲ್ಲಿ ಹುಟ್ಟಿತು. ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಊರಲ್ಲಿ ನಡೆಯಿತು. ಈಗ ಫೈನಲ್ ನಡೆಯುವುದು ಆಗಸ್ಟ್‌ನಲ್ಲಿ, ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ.

1983ರವರೆಗೆ ಅಂಕ ಕೊಡುವ ಪದ್ಧತಿ ಬಹಳ ಕಟ್ಟುನಿಟ್ಟು. ತೀರ್ಪುಗಾರರು ಮೈದಾನದಲ್ಲಿ ಓಡಾಡುತ್ತಾ ಒಂದೊಂದು ತಪ್ಪಿಗೂ ಅಂಕದ ಹತ್ತನೇ ಒಂದು ಭಾಗ ಕಡಿಯುತ್ತಿದ್ದರು. ಇದಕ್ಕೆ 'ಟಿಕ್' ಅಂತ ಹೆಸರು. ತಪ್ಪು ಮಾಡದಿರುವುದೇ ಗೆಲುವು ಅಂದಮೇಲೆ ಯಾರು ತಾನೇ ಕಷ್ಟದ್ದಕ್ಕೆ ಕೈ ಹಾಕುತ್ತಾರೆ? 1984ರಿಂದ ಆ ಪದ್ಧತಿ ಹೋಗಿ, ಸಾಧಿಸಿದ್ದಕ್ಕೆ ಅಂಕ ಸೇರಿಸುವ ಪದ್ಧತಿ ಬಂತು. ಸುಮಾರು ಅದೇ ಹೊತ್ತಿಗೆ ಗಾರ್ಫೀಲ್ಡ್ ಕೆಡೆಟ್ಸ್ ತಂಡಕ್ಕೆ ಡ್ರಿಲ್ (ಯಾರು ಯಾವಾಗ ಎಲ್ಲಿಗೆ ನಡೆಯಬೇಕು ಅನ್ನುವ ನಕ್ಷೆ) ಬರೆಯುತ್ತಿದ್ದ ಜಾರ್ಜ್ ಜಿಂಗಾಲಿ, ಎಡಬಲ ಒಂದೇ ಥರ ಇರುವ ಗೆರೆ ಚೌಕಗಳನ್ನು ಬಿಟ್ಟು, ಸದಾ ಬಾಗುತ್ತಾ ಹರಿಯುವ ಆಕಾರಗಳನ್ನು ತಂದರು. ಅಲ್ಲಿಂದ ಮುಂದೆ ಬರೀ ಕವಾಯತು ಸಾಕಾಗಲಿಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಅಳತೆಯ ಹೆಜ್ಜೆ ಬೇಕಾಯಿತು.

ಹಂತ 1: ಮೈದಾನವನ್ನು ಓದುವುದು

ಆಡುವ ಜಾಗ ಅಮೆರಿಕನ್ ಫುಟ್‌ಬಾಲ್ ಮೈದಾನ. ಉದ್ದ 100 ಗಜ, ಅಗಲ 160 ಅಡಿ. ಪ್ರತಿ 5 ಗಜಕ್ಕೆ ಒಂದು ಬಿಳಿ ಗೆರೆ, ನಟ್ಟನಡುವಿನದು 50ರ ಗೆರೆ. ಅಲ್ಲಿಂದ ಎರಡೂ ಕಡೆಗೆ 45, 40, 35 ಅಂತ ಇಳಿಯುತ್ತಾ ಹೋಗುತ್ತದೆ. ಪ್ರೇಕ್ಷಕರ ಎಡಕ್ಕಿರುವ ಅರ್ಧ ಸೈಡ್ 1, ಬಲಕ್ಕಿರುವುದು ಸೈಡ್ 2.

ಉದ್ದಕ್ಕೆ ಗೆರೆಗಳಿರುವುದರಿಂದ ಎಡಬಲ ಸುಲಭ. ಕಷ್ಟ ಇರುವುದು ಹಿಂದೆ ಮುಂದೆ. ಅಲ್ಲಿ ಸಿಗುವ ಗುರುತು ನಾಲ್ಕೇ: ಮುಂದಿನ, ಅಂದರೆ ಪ್ರೇಕ್ಷಕರ ಕಡೆಯ ಸೈಡ್‌ಲೈನ್, ಹಿಂದಿನ ಸೈಡ್‌ಲೈನ್, ನಡುವೆ ಚಿಕ್ಕ ಗೀಟುಗಳಾಗಿ ಎಳೆದ ಎರಡು ಹ್ಯಾಶ್ ಸಾಲು. ಹೈಸ್ಕೂಲ್ ಮೈದಾನದಲ್ಲಿ ಹ್ಯಾಶ್‌ಗಳು ಅಗಲವನ್ನು ಸರಿಯಾಗಿ ಮೂರು ಪಾಲು ಮಾಡುತ್ತವೆ. ಕಾಲೇಜು ಮೈದಾನದಲ್ಲಿ ಸೈಡ್‌ಲೈನ್‌ನಿಂದ 60 ಅಡಿ ದೂರದಲ್ಲಿರುತ್ತವೆ. ಬೇಸಿಗೆಯಿಡೀ ಒಂದೊಂದು ರಾತ್ರಿ ಒಂದೊಂದು ಊರಲ್ಲಿ ಆಡುವ ತಂಡಕ್ಕೆ ಈ ವ್ಯತ್ಯಾಸ ನಿಜಕ್ಕೂ ತಲೆನೋವು. ನಿನ್ನೆ ಇದ್ದ ಜಾಗದಲ್ಲಿ ಇವತ್ತು ಗೀಟು ಇರುವುದಿಲ್ಲ.

ಈಗ ಹೆಜ್ಜೆ. ಎಲ್ಲದಕ್ಕೂ ಮೂಲ ಅಳತೆ ಎಯ್ಟ್ ಟು ಫೈವ್: 5 ಗಜಕ್ಕೆ 8 ಹೆಜ್ಜೆ. 5 ಗಜ ಅಂದರೆ 180 ಇಂಚು, ಎಂಟರಿಂದ ಭಾಗಿಸಿದರೆ 22.5 ಇಂಚು, ಸುಮಾರು 57 ಸೆಂಟಿಮೀಟರ್. ಉಳಿದವು ಇದೇ ಲೆಕ್ಕದಲ್ಲಿ:

ಸಿಕ್ಸ್ ಟು ಫೈವ್: 30 ಇಂಚು
ಟ್ವೆಲ್ವ್ ಟು ಫೈವ್: 15 ಇಂಚು
ಸಿಕ್ಸ್‌ಟೀನ್ ಟು ಫೈವ್: 11.25 ಇಂಚು
ಫೈವ್ ಟು ಫೈವ್: 36 ಇಂಚು, ಅಂದರೆ ಪೂರ್ತಿ ಒಂದು ಗಜ

ಮೊದಲ ಸಂಖ್ಯೆ ಚಿಕ್ಕದಾದಷ್ಟೂ ಹೆಜ್ಜೆ ದೊಡ್ಡದು ಅನ್ನುವುದನ್ನು ನೆನಪಿಡಿ, ಮೊದಮೊದಲು ಎಲ್ಲರೂ ಇದನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ. ಎನ್‌ಸಿಸಿಯಲ್ಲಿ "ತೇಜ್ ಚಲ್" ಮಾಡಿದವರ ಕದಮ್ 30 ಇಂಚಿನದು, ಅಂದರೆ ಸಿಕ್ಸ್ ಟು ಫೈವ್. ಹಳೆಯ ಡ್ರಮ್ ಕೋರ್‌ಗಳೂ ಮಿಲಿಟರಿಯ ಅದೇ ಹೆಜ್ಜೆಯನ್ನೇ ಇಡುತ್ತಿದ್ದವು. ಆದರೆ ಎನ್‌ಸಿಸಿಯಲ್ಲಿ ಕಲಿತ ಎರಡು ಅಭ್ಯಾಸ ಇಲ್ಲಿ ಬಿಡಬೇಕಾಗುತ್ತದೆ. ಕೈ ಬೀಸುವುದು, ಮತ್ತೆ ಹಿಮ್ಮಡಿ ಧಡ್ ಅಂತ ನೆಲಕ್ಕೆ ಬಡಿಯುವುದು. ಆ ಬಡಿತ ನೇರವಾಗಿ ಬಾಯಿಯ ಹತ್ತಿರ ಇರುವ ವಾದ್ಯಕ್ಕೆ ಹೋಗುತ್ತದೆ.

ಹಂತ 2: ನಿಲ್ಲುವುದು

ನಿಲ್ಲುವುದು ಬರದೆ ನಡೆಯುವುದು ಬರುವುದಿಲ್ಲ. ಪಾದಗಳು ಜೋಡಿಸಿ, ಭಾರ ಹಿಮ್ಮಡಿಯ ಮೇಲೆ ಬೀಳದೆ ಸ್ವಲ್ಪ ಮುಂಗಾಲಿನ ಕಡೆ. ಹಿಮ್ಮಡಿ ಒಂದು ಕಾಗದದಷ್ಟು ಎತ್ತಿದರೂ ಮುಂದೆ ಬೀಳಬಾರದು, ಅಷ್ಟು. ಮಂಡಿ ನೇರ, ಆದರೆ ಹಿಂದಕ್ಕೆ ಲಾಕ್ ಮಾಡಬೇಡಿ. ಬಿಸಿಲಲ್ಲಿ ಮಂಡಿ ಲಾಕ್ ಮಾಡಿ ನಿಂತವರು ತಲೆ ಸುತ್ತಿ ಬೀಳುವುದು ಪರೇಡುಗಳಲ್ಲಿ ಹೊಸದೇನಲ್ಲ. ಪಾದದ ಮೇಲಿನ ಗಿಣ್ಣು, ಮಂಡಿ, ಸೊಂಟ, ಭುಜ, ಕಿವಿ, ಇವೆಲ್ಲ ಪಕ್ಕದಿಂದ ನೋಡಿದರೆ ಒಂದೇ ಲಂಬ ಗೆರೆಯಲ್ಲಿ ಬರಬೇಕು.

ಭುಜ ಮೇಲೆತ್ತಬೇಡಿ. ವಾದ್ಯ ಎತ್ತಿದ ಕೂಡಲೇ ಭುಜವೂ ಜೊತೆಗೇ ಏರುತ್ತದೆ, ಕುತ್ತಿಗೆ ಬಿಗಿಯುತ್ತದೆ, ಉಸಿರು ಅರ್ಧಕ್ಕೆ ನಿಲ್ಲುತ್ತದೆ. ಟ್ರಂಪೆಟ್, ಮೆಲೋಫೋನ್ ಹಿಡಿದವರ ವಾದ್ಯದ ಬಾಯಿ ನೆಲಕ್ಕೆ ಸಮಾನಾಂತರಕ್ಕಿಂತ ತುಸು ಮೇಲೆ ಇರುತ್ತದೆ, ಹೆಚ್ಚಾಗಿ 10 ಡಿಗ್ರಿ ಅನ್ನುತ್ತಾರೆ. ಪ್ರೇಕ್ಷಕರು ಮೇಲೆ ಕೂತಿರುತ್ತಾರಲ್ಲ, ಧ್ವನಿ ಅವರ ಕಡೆ ಹೋಗಬೇಕು. ಹತ್ತು ಕಿಲೋಗೂ ಜಾಸ್ತಿ ತೂಕದ ಕಾಂಟ್ರಾ ಟ್ಯೂಬಾವನ್ನು ಒಂದು ಹೆಗಲ ಮೇಲೆ ಹೊರುವವರಿಗೆ ಈ ನೇರ ನಿಲುವಿನ ಮಾತು ಬೇರೆಯೇ ಕಥೆ. ಸೊಂಟ ಒಂದು ಕಡೆಗೆ ವಾಲದಂತೆ ಹೊಟ್ಟೆಯ ಸ್ನಾಯುಗಳನ್ನು ಬಿಗಿ ಹಿಡಿಯುವುದೇ ಅವರ ಅರ್ಧ ಕೆಲಸ.

ಹಂತ 3: ನಿಂತಲ್ಲೇ ಹೆಜ್ಜೆ

ಎನ್‌ಸಿಸಿಯ "ಕದಮ್ ತಾಲ್" ಇಲ್ಲಿ ಮಾರ್ಕ್ ಟೈಮ್. ಮಂಡಿ ಎತ್ತುವಂತಿಲ್ಲ. ಹಿಮ್ಮಡಿ ಮಾತ್ರ ನೆಲ ಬಿಟ್ಟು ಏಳುತ್ತದೆ, ಬೆರಳುಗಳು ನೆಲದಲ್ಲೇ ಇರುತ್ತವೆ. ಹಿಮ್ಮಡಿ ನೆಲ ಮುಟ್ಟುವ ಕ್ಷಣವೇ ತಾಳದ ಪೆಟ್ಟು.

ಇಲ್ಲಿ ನಮ್ಮ ಸಂಗೀತ ಗೊತ್ತಿರುವವರಿಗೆ ಒಂದು ಅನುಕೂಲ ಇದೆ. ಒಂದು ಹೆಜ್ಜೆಗೆ ಒಂದು "ತಕದಿಮಿ" ಹೇಳಿಕೊಳ್ಳಿ. "ತ"ಕ್ಕೆ ಪಾದ ನೆಲ ಮುಟ್ಟಬೇಕು. "ದಿ" ಅಂದರೆ ಸರಿಯಾಗಿ ಅರ್ಧ ದಾರಿ. ಮಾರ್ಕ್ ಟೈಮ್‌ನಲ್ಲಿ ಹಿಮ್ಮಡಿ ಅತಿ ಎತ್ತರದಲ್ಲಿರುವುದು ಆ "ದಿ"ಗೆ. ಅಮೆರಿಕದ ಮಕ್ಕಳು "ಒನ್ ಆ್ಯಂಡ್ ಟೂ ಆ್ಯಂಡ್" ಅಂತ ಎಣಿಸುತ್ತಾರೆ, ಅವರ "ಆ್ಯಂಡ್" ನಮ್ಮ "ದಿ". ಪಾದ ತಾಳಕ್ಕೆ ಬೀಳುತ್ತಿದೆಯಾ ಅಂತ ನೋಡುವುದು ಯಾರಿಗಾದರೂ ಹೊಳೆಯುತ್ತದೆ. ನಡುವಿನ "ದಿ"ಯಲ್ಲಿ ಕಾಲು ಎಲ್ಲಿದೆ ಅಂತ ನೋಡುವುದರಲ್ಲೇ ತರಬೇತಿ ಇರುವುದು.

ಹಂತ 4: ಮುಂದಕ್ಕೆ

ನಡಿಗೆಯಲ್ಲಿ ಎರಡು ಪಂಥ. ಒಂದರಲ್ಲಿ ಮಂಡಿ ನೇರ, ಇನ್ನೊಂದರಲ್ಲಿ ಸೈಕಲ್ ತುಳಿದಂತೆ ಮಂಡಿ ಮಡಿಯುತ್ತದೆ. ಈಗ ಜಾಸ್ತಿ ಕಾಣುವುದು ನೇರ ಕಾಲಿನದು, ಹಾಗಾಗಿ ಅದನ್ನೇ ಹಿಡಿಯೋಣ.

ಎಡಗಾಲಿನಿಂದ ಶುರು. ಕಾಲು ಸೊಂಟದಿಂದಲೇ ಮುಂದಕ್ಕೆ ಚಾಚುತ್ತದೆ, ಮಂಡಿ ಮೊದಲು ಮಡಿಚಿ ಆಮೇಲೆ ಬಿಚ್ಚುವುದಲ್ಲ. ಬೆರಳುಗಳು ಮೇಲಕ್ಕೆ, ಹಿಮ್ಮಡಿಯ ಹಿಂಭಾಗ ನೆಲ ಮುಟ್ಟುತ್ತದೆ. ಮುಟ್ಟುವುದು "ತ"ಕ್ಕೆ. ಆ ಕ್ಷಣ ಫೋಟೋ ತೆಗೆದರೆ ಎರಡೂ ಕಾಲು ನೇರ, ದೇಹದ ಭಾರ ಎರಡು ಪಾದಗಳ ನಟ್ಟನಡುವೆ ಕಾಣಬೇಕು. ಅಲ್ಲಿಂದ ಪಾದ ಹಿಮ್ಮಡಿಯಿಂದ ಬೆರಳಿನವರೆಗೆ ನಿಧಾನ ಉರುಳುತ್ತದೆ. ಧೊಪ್ ಅಂತ ಬೆರಳು ಬಿದ್ದರೆ ಕೆಟ್ಟಿತು. "ದಿ"ಗೆ ಎರಡೂ ಕಾಲಿನ ಗಿಣ್ಣುಗಳು ಅಕ್ಕಪಕ್ಕ ಬಂದು ದಾಟಬೇಕು, ಪೂರ್ತಿ ಭಾರ ನೆಲದ ಮೇಲಿರುವ ಕಾಲಿನ ಮೇಲಿರಬೇಕು. ದಾಟುವ ಕಾಲು ನೆಲವನ್ನು ಸವರಿಕೊಂಡೇ ಹೋದಂತೆ, ಆದರೆ ತಾಗದಂತೆ.

ಈ ದಾಟುವ ಕ್ಷಣಕ್ಕೆ ಯಾಕಿಷ್ಟು ಮಹತ್ವ? ಪಾದ ತಾಳಕ್ಕೆ ಬೀಳಿಸುವುದು ಸುಲಭ, ಹಾಗಾಗಿ ಕಾಲು ಮೊದಲು ಸುಮ್ನೆ ಇದ್ದು ಕೊನೆಗೆ ಧಾವಿಸುತ್ತದೆ. ಅಥವಾ ಬೇಗ ಹೋಗಿ ಗಾಳಿಯಲ್ಲಿ ಕಾಯುತ್ತದೆ. ಎರಡೂ ಮಾಡಿದವರು ತಾಳಕ್ಕೆ ಸರಿಯಾಗೇ ಇರುತ್ತಾರೆ, ಆದರೆ ನಡುವೆ ದೇಹ ಒಮ್ಮೆ ನಿಂತು ಒಮ್ಮೆ ಎಗರುತ್ತದೆ. ಊದುವವರ ಧ್ವನಿಯಲ್ಲಿ ಅದೇ "ವಾ ವಾ ವಾ" ಅಂತ ಕೇಳಿಸುತ್ತದೆ. ಗಿಣ್ಣು ಸರಿಯಾಗಿ ಅರ್ಧಕ್ಕೆ ದಾಟಿದರೆ ದೇಹದ ವೇಗ ಒಂದೇ ಸಮ ಇರುತ್ತದೆ, ಧ್ವನಿಯೂ ನೆಟ್ಟಗಿರುತ್ತದೆ.

ಹೊಸಬರು ಎಡವುವುದು ಮೊದಲ ಹೆಜ್ಜೆಯಲ್ಲಿ. ನಿಂತಲ್ಲಿಂದ ಹೊರಡುವಾಗ ಎಲ್ಲರ ಮೊದಲ ಹೆಜ್ಜೆಯೂ ಚಿಕ್ಕದಾಗುತ್ತದೆ, ಆ ಕೊರತೆ ತುಂಬಲು ಎರಡು ಮೂರನೆಯದು ಉದ್ದವಾಗುತ್ತದೆ. ಪರಿಹಾರ ಅಂದರೆ, ಹೊರಡುವುದಕ್ಕೆ ಮುಂಚಿನ ಕೌಂಟ್‌ನಲ್ಲೇ (ಎಣಿಸುವ ಒಂದೊಂದು ಪೆಟ್ಟಿಗೆ ಕೌಂಟ್ ಅನ್ನುತ್ತಾರೆ), ಕಾಲು ಏಳುವ ಮೊದಲೇ, ದೇಹದ ಭಾರ ಮುಂದಕ್ಕೆ ಹೊರಟಿರಬೇಕು. ಎಲ್ಲರೂ ಅದೇ ಹೊತ್ತಿಗೆ ಒಟ್ಟಿಗೆ ಉಸಿರು ತೆಗೆದುಕೊಳ್ಳುತ್ತಾರೆ. ಒಟ್ಟಿಗೆ ಉಸಿರೆಳೆದವರು ಒಟ್ಟಿಗೆ ಹೊರಡುತ್ತಾರೆ. ಅಭ್ಯಾಸದಲ್ಲಿ ಕೊನೆಯ ನಾಲ್ಕು ಕೌಂಟ್‌ಗೆ ತಾಳದವರು "ದಟ್ ದಟ್ ದಟ್ ದಟ್" ಅಂತ ಬಾಯಲ್ಲಿ ಹೇಳುವುದೂ ಇದಕ್ಕೇ.

ಎಂಟನೇ ಹೆಜ್ಜೆಗೆ ಗೆರೆ ಎಲ್ಲಿ ಸಿಗಬೇಕು? ಪಾದದ ನಡುವಿನ ಕಮಾನಿನ ಕೆಳಗೆ ಅಂತ ಕೆಲವು ತಂಡ, ಮುಂಗಾಲಿನ ಕೆಳಗೆ ಅಂತ ಇನ್ನು ಕೆಲವು. ಯಾವುದಾದರೂ ಆಗಲಿ, ಇಡೀ ತಂಡಕ್ಕೆ ಒಂದೇ ಇರಬೇಕು. ಈ ಮಾತು ಇಡೀ ಲೇಖನಕ್ಕೂ ಅನ್ವಯಿಸುತ್ತದೆ. ಇಲ್ಲಿ ಬರೆದಿದ್ದಕ್ಕಿಂತ ನಿಮ್ಮ ತಂಡದ ಮೇಷ್ಟ್ರು ಬೇರೆ ಹೇಳಿದರೆ ಅವರ ಮಾತೇ ಸರಿ.

ಹಂತ 5: ಹಿಂದಕ್ಕೆ

ಹಿಂದಕ್ಕೆ ನಡೆಯುವುದು ಮುಂದಿನದರ ಉಲ್ಟಾ ಅಂದುಕೊಂಡರೆ ಮುಗ್ಗರಿಸುತ್ತೀರಿ. ಇಲ್ಲಿ ಹಿಮ್ಮಡಿ ನೆಲ ಮುಟ್ಟುವುದೇ ಇಲ್ಲ. ಪೂರ್ತಿ ಮುಂಗಾಲಿನ ಮೇಲೆ, ಹಿಮ್ಮಡಿ ಎರಡು ಮೂರು ಇಂಚು ಮೇಲೆ. ಕಾಲು ಸೊಂಟದಿಂದ ಹಿಂದಕ್ಕೆ ಚಾಚಿ ಮುಂಗಾಲು "ತ"ಕ್ಕೆ ನೆಲ ಮುಟ್ಟುತ್ತದೆ, ಗಿಣ್ಣುಗಳು "ದಿ"ಗೆ ದಾಟುತ್ತವೆ. ಕಾರಣ ಸರಳ. ಹಿಮ್ಮಡಿ ಇಳಿದರೆ ತಲೆ ಇಳಿಯುತ್ತದೆ, ಮತ್ತೆ ಏರುತ್ತದೆ. ದೂರದಿಂದ ನೋಡುವವರಿಗೆ ಸಾಲಿನಲ್ಲಿ ಅಲೆ ಕಾಣುತ್ತದೆ.

ಎದೆ ಹಿಂದಕ್ಕೆ ವಾಲಿಸುವ ಆಸೆಯಾಗುತ್ತದೆ, ಬೇಡ. ಭಾರ ಮುಂಗಾಲಿನ ಮೇಲೇ ಇರಲಿ. ಮತ್ತೆ, ತಿರುಗಿ ನೋಡುವಂತಿಲ್ಲ. ಹಿಂದೆ ಬಂದೂಕು ತಿರುಗಿಸುವ ಗಾರ್ಡ್ ಇದ್ದರೂ ನೋಡುವಂತಿಲ್ಲ! ನೀವು ನಿಮ್ಮ ದಾರಿಯಲ್ಲಿದ್ದರೆ ಅವರೂ ಅವರ ದಾರಿಯಲ್ಲಿರುತ್ತಾರೆ ಅನ್ನುವ ನಂಬಿಕೆ ಬರುವವರೆಗೆ ಹಿಂದಿನ ಹೆಜ್ಜೆ ಚಿಕ್ಕದಾಗೇ ಇರುತ್ತದೆ. ಮೀನಖಂಡ ಉರಿಯುತ್ತದೆ. ಅದಕ್ಕೆ ಅಡ್ಡದಾರಿ ಇಲ್ಲ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಳಿಸುವ ವ್ಯಾಯಾಮ ದಿನಾ ಮಾಡಬೇಕು.

ಹಂತ 6: ಪಕ್ಕಕ್ಕೆ, ಓರೆಗೆ

ಕಾಲು ಬಲಕ್ಕೆ ಹೋಗುತ್ತಿದೆ, ಎದೆ ಮತ್ತು ವಾದ್ಯ ಮಾತ್ರ ಪ್ರೇಕ್ಷಕರ ಕಡೆಗೇ ಇವೆ. ಇದು ಸ್ಲೈಡ್. ಪಾದದ ಬೆರಳು ಹೋಗುವ ದಿಕ್ಕಿಗೆ, ಭುಜಗಳು ಸೈಡ್‌ಲೈನ್‌ಗೆ ಸಮಾನಾಂತರ, ನಡುವಿನ ತಿರುಚು ಸೊಂಟದಿಂದ ಮೇಲೆ. ಮನೆಯಲ್ಲಿ ಇದನ್ನು ಕಲಿಯಲು ಒಂದು ಗೋಡೆ ಸಾಕು. ಗೋಡೆಗೆ ಬೆನ್ನು ಕೊಟ್ಟು ಒಂದು ಗೇಣು ದೂರ ನಿಂತು, ಗೋಡೆಯುದ್ದಕ್ಕೂ ನಡೆಯಿರಿ. ಎರಡೂ ಭುಜ ಗೋಡೆಯಿಂದ ಒಂದೇ ದೂರದಲ್ಲಿರಬೇಕು. ಮೊದಲ ಸಲ ಹೋಗುವ ದಿಕ್ಕಿನ ಭುಜ ಗೋಡೆಗೆ ಉಜ್ಜುತ್ತದೆ. ಭುಜ ತಿರುಗಿದರೆ ಧ್ವನಿಯೂ ತಿರುಗುತ್ತದೆ, ಆದ್ದರಿಂದ ಇದು ಬರೀ ಅಂದದ ವಿಷಯ ಅಲ್ಲ.

ಡ್ರಮ್ ಹೊತ್ತವರಿಗೆ ಹೀಗೆ ತಿರುಚಿಕೊಳ್ಳಲು ಆಗುವುದಿಲ್ಲ. ಡ್ರಮ್ ಹೊರುವ ಚೌಕಟ್ಟು, ಅಂದರೆ ಕ್ಯಾರಿಯರ್, ಎದೆಗೆ ಕಟ್ಟಿರುತ್ತದೆ, ಸೊಂಟ ತಿರುಗಿದರೆ ಡ್ರಮ್ಮೂ ತಿರುಗಿ ಪಕ್ಕದವನಿಗೆ ತಾಗುತ್ತದೆ. ಅವರು ಪಾದವನ್ನು ಮುಂದಕ್ಕೇ ಇಟ್ಟು ಒಂದು ಕಾಲನ್ನು ಇನ್ನೊಂದರ ಮುಂದೆ ಅಡ್ಡ ಹಾಕುತ್ತಾ ಏಡಿಯ ಹಾಗೆ ಹೋಗುತ್ತಾರೆ. ಹೆಸರೂ ಕ್ರ್ಯಾಬ್ ಸ್ಟೆಪ್ಪೇ. ಈ ಕಾರಣಕ್ಕೇ ಡ್ರಿಲ್ ಬರೆಯುವವರು ಡ್ರಮ್ ಸಾಲಿಗೆ ಪಕ್ಕಕ್ಕೆ ತೀರಾ ದೊಡ್ಡ ಹೆಜ್ಜೆ ಕೊಡುವುದಿಲ್ಲ.

ಹಂತ 7: ನಿಲ್ಲಿಸುವುದು, ತಿರುಗುವುದು

ಎಂಟು ಕೌಂಟಿನ ನಡೆ ಎಂಟಕ್ಕೆ ಮುಗಿಯುವುದಿಲ್ಲ. ಎಂಟನೇ ಹೆಜ್ಜೆ ಬಲಗಾಲು, ಅದು ತನ್ನ ಜಾಗಕ್ಕೆ ಬೀಳುತ್ತದೆ. ಮುಂದಿನ ಒಂದಕ್ಕೆ ಎಡಗಾಲು ಬಂದು ಪಕ್ಕ ಸೇರುತ್ತದೆ. ಆ ಸೇರುವ ಕಾಲು ಸದ್ದಿಲ್ಲದೆ, ಮಂಡಿ ಮಡಿಯದೆ ಬರಬೇಕು. ದೇಹ ಅಷ್ಟು ಹೊತ್ತಿಗೆ ಪೂರ್ತಿ ನಿಂತಿರಬೇಕು. ನಿಂತಮೇಲೆ ತಲೆ ಒಂದು ಸಲ ಮುಂದೆ ತೂಗಿದರೆ ಬ್ರೇಕ್ ತಡವಾಗಿ ಹಾಕಿದಿರಿ ಅಂತ ಅರ್ಥ.

ಮುಂದಿನಿಂದ ಹಿಂದಕ್ಕೆ ಬದಲಾಗುವಾಗ ಕೊನೆಯ ಹೆಜ್ಜೆ ಹಿಮ್ಮಡಿಯಲ್ಲೇ ಬಿದ್ದರೂ ಕೂಡಲೇ ಮುಂಗಾಲಿಗೆ ಉರುಳಿ ಭಾರ ಅಲ್ಲೇ ಹಿಡಿದು ನಿಲ್ಲಿಸಬೇಕು, ಮುಂದಿನ ಕೌಂಟ್‌ಗೆ ಹಿಂದಕ್ಕೆ ಪೂರ್ತಿ ಅಳತೆಯ ಹೆಜ್ಜೆ. ಹೇಳಲು ಒಂದು ವಾಕ್ಯ. ನಿಮಿಷಕ್ಕೆ 180 ಪೆಟ್ಟಿನ ವೇಗದಲ್ಲಿ ಮಾಡಲು ಒಂದು ಬೇಸಿಗೆ.

ಹಂತ 8: ಡಾಟ್ ಮತ್ತು ಅದರ ಲೆಕ್ಕ

ಪ್ರತಿಯೊಬ್ಬ ಸದಸ್ಯನಿಗೂ ಪ್ರತಿ ಚಿತ್ರಕ್ಕೆ ಒಂದು ವಿಳಾಸ ಇರುತ್ತದೆ. ಚಿತ್ರಕ್ಕೆ ಸೆಟ್ ಅನ್ನುತ್ತಾರೆ, ವಿಳಾಸಕ್ಕೆ ಡಾಟ್. ಬರೆಯುವುದು ಹೀಗೆ: "ಸೈಡ್ 1, 40ರ ಗೆರೆಯಿಂದ 3 ಹೆಜ್ಜೆ ಹೊರಗೆ, ಮುಂದಿನ ಹ್ಯಾಶ್‌ನಿಂದ 6 ಹೆಜ್ಜೆ ಹಿಂದೆ." ಒಳಗೆ ಅಂದರೆ 50ರ ಗೆರೆಯ ಕಡೆಗೆ, ಹೊರಗೆ ಅಂದರೆ ಅದರಿಂದ ದೂರಕ್ಕೆ. ಇಲ್ಲಿನ ಹೆಜ್ಜೆ ಯಾವಾಗಲೂ 22.5 ಇಂಚಿನದು, ನೀವು ಇಡುವ ಹೆಜ್ಜೆ ಎಷ್ಟೇ ಇರಲಿ. ಹಿಂದೆಲ್ಲ ಕುತ್ತಿಗೆಗೆ ಚಿಕ್ಕ ಪುಸ್ತಕ ನೇತುಹಾಕಿಕೊಂಡು ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ಈಗ ಪೈವೇರ್ ಸಾಫ್ಟ್‌ವೇರ್‌ನಲ್ಲಿ ಡ್ರಿಲ್ ಬರೆದು ಫೋನ್‌ಗೆ ಕಳಿಸುತ್ತಾರೆ. ಆದರೂ ಕೈಯಲ್ಲಿ ಬರೆದುಕೊಂಡವರಿಗೆ ಬೇಗ ಬಾಯಿಪಾಠ ಆಗುತ್ತದೆ, ನನಗೆ ಆ ಪುಸ್ತಕದ ಪದ್ಧತಿಯೇ ಇಷ್ಟ.

ಒಂದು ಉದಾಹರಣೆ ಮಾಡೋಣ. ನೀವು ಸೈಡ್ 1ರ 40ರ ಗೆರೆ ಮೇಲೆ, ಮುಂದಿನ ಹ್ಯಾಶ್ ಮೇಲೆ ಇದ್ದೀರಿ. ಮುಂದಿನ ಡಾಟ್ 35ರ ಗೆರೆ ಮೇಲೆ, ಹ್ಯಾಶ್‌ನಿಂದ 6 ಹೆಜ್ಜೆ ಹಿಂದೆ. ಅಂದರೆ 8 ಹೆಜ್ಜೆ ಹೊರಗೆ, 6 ಹೆಜ್ಜೆ ಹಿಂದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಕೊನೆಗೂ ಕೆಲಸಕ್ಕೆ ಬಂದ: 64 ಕೂಡಿಸು 36, ನೂರು. ವರ್ಗಮೂಲ ಹತ್ತು. ಓರೆ ದಾರಿ 10 ಹೆಜ್ಜೆಯಷ್ಟು ಉದ್ದ.

ಇದಕ್ಕೆ 8 ಕೌಂಟ್ ಕೊಟ್ಟಿದ್ದರೆ ಒಂದು ಹೆಜ್ಜೆ 28 ಇಂಚಿಗೂ ಸ್ವಲ್ಪ ಜಾಸ್ತಿ, ಹೆಚ್ಚೂಕಮ್ಮಿ ಎನ್‌ಸಿಸಿ ಕದಮ್. 16 ಕೌಂಟ್ ಕೊಟ್ಟಿದ್ದರೆ 14 ಇಂಚು, ಅಂಬೆಗಾಲಿನಷ್ಟು. ಎರಡೂ ದಾರಿ ಒಂದೇ, ಆದರೆ ಕಾಲಿಗೆ ಬೇರೆ ಬೇರೆ ಕೆಲಸ. ಈ ಅಳತೆಯನ್ನು ಹೊರಡುವ ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ದೊಡ್ಡ ಹೆಜ್ಜೆ ಇಟ್ಟು ಬೇಗ ತಲುಪಿ ಕೊನೆಯಲ್ಲಿ ಚಿಕ್ಕ ಚಿಕ್ಕ ಹೆಜ್ಜೆ ಕುಟ್ಟುತ್ತೀರಿ. ಎಲ್ಲರೂ ಹಾಗೆ ಮಾಡಿದರೆ ಸೆಟ್ ಸರಿ ಬರುತ್ತದೆ, ಆದರೆ ಸೆಟ್‌ನಿಂದ ಸೆಟ್‌ಗೆ ಹೋಗುವ ನಡುವಿನ ಆಕಾರ ಕಲಸಿಹೋಗುತ್ತದೆ. ಪ್ರೇಕ್ಷಕರು ಜಾಸ್ತಿ ಹೊತ್ತು ನೋಡುವುದು ಆ ನಡುವಿನದನ್ನೇ ಅಲ್ವಾ?

ಆದ್ದರಿಂದ ಮಧ್ಯಬಿಂದು ಲೆಕ್ಕ ಹಾಕಿಟ್ಟುಕೊಳ್ಳಿ. ಮೇಲಿನ ನಡೆಯಲ್ಲಿ ಅದು 40ರಿಂದ 4 ಹೆಜ್ಜೆ ಹೊರಗೆ, ಹ್ಯಾಶ್‌ನಿಂದ 3 ಹೆಜ್ಜೆ ಹಿಂದೆ. 16 ಕೌಂಟಿನ ನಡೆಯಾದರೆ ಎಂಟಕ್ಕೆ ಅಲ್ಲಿರಬೇಕು. ಜೊತೆಗೆ, ದಾರಿಯಲ್ಲಿ ಗಜದ ಗೆರೆ ದಾಟುವಾಗ ಅದು ಯಾವ ಕೌಂಟ್‌ಗೆ, ಪಾದದ ಯಾವ ಭಾಗದ ಕೆಳಗೆ ಬರುತ್ತದೆ ಅಂತ ಗುರುತಿಸಿಕೊಳ್ಳಿ. ಅನುಭವ ಇರುವವರು ಹೀಗೇ ತಲೆ ಬಗ್ಗಿಸದೆ ದಾರಿ ಕಾಯುತ್ತಾರೆ.

ಡಾಟ್ ಮೊದಲೋ, ಆಕಾರ ಮೊದಲೋ?

ಇದು ಯಾವ ತಂಡದಲ್ಲೂ ಮುಗಿಯದ ಜಗಳ. ನಿಮ್ಮ ಪಕ್ಕದವಳು ಅರ್ಧ ಹೆಜ್ಜೆ ಹಿಂದಿದ್ದಾಳೆ. ನೀವು ನಿಮ್ಮ ಡಾಟ್ ಮೇಲೇ ನಿಲ್ಲಬೇಕೋ, ಸಾಲು ನೇರ ಕಾಣಲಿ ಅಂತ ಹಿಂದೆ ಸರಿಯಬೇಕೋ?

ನನ್ನ ಅಭಿಪ್ರಾಯದಲ್ಲಿ ಉತ್ತರ ದಿನದ ಮೇಲಿದೆ. ಕಲಿಯುವಾಗ ಡಾಟ್. ಎಲ್ಲರೂ ಡಾಟ್ ಹಿಡಿದರೆ ತಪ್ಪು ಯಾರದು ಅಂತ ಮೇಲೆ ನಿಂತವರಿಗೆ ಕಾಣುತ್ತದೆ, ತಿದ್ದಬಹುದು. ಎಲ್ಲರೂ ಒಬ್ಬರಿಗೊಬ್ಬರು ಹೊಂದಿಕೊಂಡರೆ ತಪ್ಪು ಸಾಲಿನ ಉದ್ದಕ್ಕೂ ಹರಡಿ ಅಡಗಿಬಿಡುತ್ತದೆ. ಪ್ರದರ್ಶನದ ರಾತ್ರಿ ಆಕಾರ. ಪ್ರೇಕ್ಷಕರಿಗೆ ನಿಮ್ಮ ಡಾಟ್ ಗೊತ್ತಿಲ್ಲ, ಸಾಲು ಮುರಿದದ್ದು ಗೊತ್ತಾಗುತ್ತದೆ. ಹೊಂದಿಕೊಳ್ಳುವಾಗಲೂ ತಲೆ ತಿರುಗಿಸದೆ ಓರೆಗಣ್ಣಿನಲ್ಲಿ ನೋಡಬೇಕು. ಪಕ್ಕದವರ ಜೊತೆಗಿನ ಅಂತರಕ್ಕೆ ಇಂಟರ್ವಲ್, ಮುಂದಿನವರ ಜೊತೆಗಿನದಕ್ಕೆ ಕವರ್ ಅನ್ನುತ್ತಾರೆ. ಬಾಗಿದ ಆಕಾರದಲ್ಲಿ ಒಬ್ಬರನ್ನೇ ನೋಡಿದರೆ ಸಾಲದು, ಎರಡೂ ಬದಿಯ ಇಬ್ಬಿಬ್ಬರನ್ನು ನೋಡಿದರೆ ಮಾತ್ರ ಬಾಗು ಸಿಗುತ್ತದೆ.

ಹಂತ 9: ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು

ಮಾರ್ಚಿಂಗ್ ಪಾಠದಲ್ಲಿ ಕಿವಿಯ ಮಾತು ಯಾಕೆ ಅಂತ ಅನ್ನಿಸಬಹುದು. ಪಾದ ತಾಳಕ್ಕೆ ಬೀಳಬೇಕು ಅಂದೆವಲ್ಲ, ಯಾವ ತಾಳಕ್ಕೆ?

ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 34 ಮೀಟರ್ ದೂರದವರ ಪೆಟ್ಟು ನಿಮಗೆ ಕೇಳುವುದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ನಿಮಿಷಕ್ಕೆ 180 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿಗೆ ಸಿಗುವುದೇ ಸೆಕೆಂಡಿನ ಮೂರನೇ ಒಂದು ಭಾಗ. ಅಂದರೆ ತಡ ಒಂದು ಪೆಟ್ಟಿನ ಮೂರರಲ್ಲೊಂದು ಪಾಲಿನ ಹತ್ತಿರಕ್ಕೆ ಬಂತು. "ತ"ಕ್ಕೆ ಬರಬೇಕಾದದ್ದು "ಕ" ದಾಟಿ ಕೇಳಿಸುತ್ತದೆ.

ಈಗ ಪ್ರೇಕ್ಷಕರ ಜಾಗದಿಂದ ಯೋಚಿಸಿ. ಹಿಂದೆ ಇರುವ ಸ್ನೇರ್ ಡ್ರಮ್ಮಿನ ಧ್ವನಿ ಮುಂದಕ್ಕೆ ಬರುತ್ತಾ ನಿಮ್ಮನ್ನು ದಾಟುತ್ತದೆ. ದಾಟುವ ಆ ಕ್ಷಣಕ್ಕೇ ನೀವು ಊದಿದರೆ ಎರಡೂ ಜೊತೆಯಾಗಿ ಪ್ರೇಕ್ಷಕರನ್ನು ತಲುಪುತ್ತವೆ. ಹಾಗಾಗಿ ನಿಯಮ ಹೀಗೆ: ತಾಳ ನಿಮ್ಮ ಹಿಂದಿದ್ದರೆ ಕಿವಿಗೊಟ್ಟು ಅದರ ಜೊತೆ ಹೋಗಿ. ತಾಳ ನಿಮ್ಮ ಮುಂದಿದ್ದರೆ ಕೇಳಲೇಬೇಡಿ, ಮುಂದೆ ನಿಂತು ಕೈ ಬೀಸಿ ತಾಳ ತೋರಿಸುವ ಡ್ರಮ್ ಮೇಜರ್‌ನ ಕೈ ನೋಡಿ. ಮುಂದಿನವರನ್ನು ಕೇಳಿ ಊದಿದರೆ ಅವರ ಧ್ವನಿ ನಿಮಗೆ ಬರುವಾಗ ಒಂದು ತಡ, ನಿಮ್ಮದು ವಾಪಸ್ ಹೋಗುವಾಗ ಇನ್ನೊಂದು. ಮೈದಾನದ ಮುಂದೆ ಒಂದೇ ಜಾಗದಲ್ಲಿ ಮರಿಂಬಾ, ವೈಬ್ರಾಫೋನ್ ಇಟ್ಟುಕೊಂಡು ನಿಂತವರು ಯಾವಾಗಲೂ ಹಿಂದಕ್ಕೇ ಕಿವಿ ಕೊಡುತ್ತಾರೆ. ಡ್ರಮ್ ಮೇಜರ್ ಕೂಡ ತನ್ನ ಇಷ್ಟಕ್ಕೆ ಕೈ ಬೀಸುವುದಿಲ್ಲ, ಅನೇಕ ತಂಡಗಳಲ್ಲಿ ಅವರ ಕಣ್ಣು ಸ್ನೇರ್ ಸಾಲಿನ ನಡುವಿನವನ ಪಾದದ ಮೇಲಿರುತ್ತದೆ. ಬೆಳಕಿಗೆ ತಡ ಇಲ್ಲ. ಇಡೀ ಮೈದಾನದ ತಾಳ ಕೊನೆಗೆ ಒಂದು ಜೊತೆ ಶೂಗಳಲ್ಲಿದೆ.

ಪಾದ ತಪ್ಪಿದವನು ಬರೀ ನೋಟ ಕೆಡಿಸುವುದಿಲ್ಲ, ತಾನು ಊದುವುದನ್ನೂ ಅದೇ ತಪ್ಪಿಗೆ ಎಳೆದುಕೊಂಡು ಹೋಗುತ್ತಾನೆ.

ದೊಡ್ಡ ಹೆಜ್ಜೆ, ಓಟ, ನೃತ್ಯ

ಫೈವ್ ಟು ಫೈವ್‌ಗಿಂತ ದೊಡ್ಡದಾದರೆ ನೇರ ಕಾಲು ಆಗುವುದಿಲ್ಲ. ಆಗ ಜ್ಯಾಝ್ ರನ್: ಮಂಡಿ ತುಸು ಮಡಿದು ಸೊಂಟ ಕೆಳಗಿಳಿದು, ಮುಂಗಾಲು ಮೊದಲು ನೆಲ ಮುಟ್ಟುತ್ತದೆ. ತಲೆ ಮಾತ್ರ ಒಂದೇ ಎತ್ತರ. ನಿಮಿಷಕ್ಕೆ 200 ಪೆಟ್ಟಿಗೆ ಒಂದೊಂದು ಗಜದ ಹೆಜ್ಜೆ ಅಂದರೆ ಗಂಟೆಗೆ 11 ಕಿಲೋಮೀಟರ್, ಬೆಳಗಿನ ಜಾಗಿಂಗಿನ ಒಳ್ಳೆಯ ವೇಗ. ಅದೂ ಟ್ರಂಪೆಟ್ ಊದುತ್ತಾ. ಇತ್ತೀಚಿನ ವರ್ಷಗಳಲ್ಲಿ ಊದುವವರೂ ಬ್ಯಾಲೆಯ ಪ್ಲಿಯೇ, ತಾಂದ್ಯು ಕಲಿಯುತ್ತಾರೆ, ನೆಲದ ಮೇಲೆ ಉರುಳುತ್ತಾರೆ. ಮಾರ್ಚಿಂಗ್ ಕಡಿಮೆಯಾಯಿತು ಅಂತ ಹಳಬರು ಗೊಣಗುವುದುಂಟು. ಆದರೆ ಆ ನೃತ್ಯಕ್ಕೂ ಬೇಕಾದದ್ದು ಭಾರ ಎಲ್ಲಿದೆ ಅನ್ನುವ ಅದೇ ಅರಿವು.

ಮನೆಯಲ್ಲಿ ಅಭ್ಯಾಸ

ಮೈದಾನ ಬೇಕಿಲ್ಲ. 15 ಅಡಿ ಉದ್ದದ ಟೆರೇಸ್ ಇದ್ದರೆ ಸಾಕು, ಅದೇ 5 ಗಜ. ಟೇಪ್ ಹಿಡಿದು 22.5 ಇಂಚಿಗೊಂದು ಸೀಮೆಸುಣ್ಣದ ಗೀಟು ಎಳೆಯಿರಿ. ಫೋನ್‌ನಲ್ಲಿ ಮೆಟ್ರೊನೋಮ್ ಹಾಕಿ, ನಿಮಿಷಕ್ಕೆ 60. ಎಲ್ಲರೂ 120ರಿಂದ ಶುರು ಮಾಡುತ್ತಾರೆ, ಬೇಡ. ನಿಧಾನದಲ್ಲೇ ತಪ್ಪು ಕಾಣುವುದು, ವೇಗದಲ್ಲಿ ಎಲ್ಲ ಮುಚ್ಚಿಹೋಗುತ್ತದೆ.

ಎಂಟು ಮಾರ್ಕ್ ಟೈಮ್, ಎಂಟು ಮುಂದೆ, ಎಂಟು ಮಾರ್ಕ್ ಟೈಮ್, ಎಂಟು ಹಿಂದೆ. ಇದು ಸರಿಯಾದಮೇಲೆ ನಡುವಿನ ಮಾರ್ಕ್ ಟೈಮ್ ತೆಗೆದುಬಿಡಿ. ಆಮೇಲೆ ಕಣ್ಣು ಮುಚ್ಚಿ ಎಂಟು ಹೆಜ್ಜೆ ನಡೆದು ಗೀಟಿನ ಮೇಲೆ ನಿಂತಿರಾ ನೋಡಿ. ಟೆರೇಸಿಗೆ ಕಟ್ಟೆ ಇಲ್ಲದಿದ್ದರೆ ಈ ಕಣ್ಣು ಮುಚ್ಚುವುದನ್ನು ಅಂಗಳದಲ್ಲಿ ಮಾಡಿ. ಫೋನನ್ನು ನೆಲದ ಮೇಲೆ, ಪಕ್ಕದಿಂದ ಕಾಲು ಕಾಣುವಂತೆ ಇಟ್ಟು ವಿಡಿಯೋ ತೆಗೆದು, ನಿಧಾನ ಮಾಡಿ ನೋಡಿದರೆ ಗಿಣ್ಣು ಅರ್ಧಕ್ಕೆ ದಾಟುತ್ತಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ವಾದ್ಯ ಇದ್ದವರು ನಡೆಯುತ್ತಾ ಒಂದೇ ಸ್ವರ ಉದ್ದಕ್ಕೆ ಊದಿ ರೆಕಾರ್ಡ್ ಮಾಡಿ. ಕೇಳಿದಾಗ ಹೆಜ್ಜೆ ಎಣಿಸಲು ಆದರೆ ಇನ್ನೂ ಕೆಲಸ ಇದೆ.

ಸಿಮೆಂಟ್ ಮೇಲೆ ಜಾಸ್ತಿ ಹೊತ್ತು ಬೇಡ. ಮಂಡಿಯ ಕೆಳಗೆ ಮುಂಭಾಗದ ಎಲುಬಿನಲ್ಲಿ ನೋವು ಶುರುವಾದರೆ ಅದು ಶಿನ್ ಸ್ಪ್ಲಿಂಟ್ ಇರಬಹುದು, ನಿಲ್ಲಿಸಿ ವಿಶ್ರಾಂತಿ ಕೊಡಿ. ನೋವಿನ ಮೇಲೇ ನಡೆದು ಗಟ್ಟಿಯಾಗುತ್ತೇನೆ ಅನ್ನುವ ಹಟ ಇಲ್ಲಿ ಕೆಲಸ ಮಾಡುವುದಿಲ್ಲ.

ಅಂಕ ಎಲ್ಲಿಂದ ಬರುತ್ತದೆ, ಸೇರುವುದು ಹೇಗೆ

ಒಟ್ಟು 100 ಅಂಕ. ಒಟ್ಟಾರೆ ಪರಿಣಾಮಕ್ಕೆ 40, ಸಂಗೀತಕ್ಕೆ 30, ನೋಟಕ್ಕೆ 30. ನೋಟದ 30ರೊಳಗೆ ಮೂರು ಭಾಗ: ಒಬ್ಬೊಬ್ಬರ ದೇಹದ ನೈಪುಣ್ಯ, ಮೇಲಿನಿಂದ ಕಾಣುವ ವಿನ್ಯಾಸ ಮತ್ತು ಅದನ್ನು ಸಾಧಿಸಿದ ರೀತಿ, ಕಲರ್ ಗಾರ್ಡ್. ನಾವು ಇಲ್ಲಿ ನೋಡಿದ್ದೆಲ್ಲ ಹೆಚ್ಚಾಗಿ ಮೊದಲನೆಯದಕ್ಕೆ ಸೇರುತ್ತದೆ. ಆದರೆ ಕಾಲು ಕೆಟ್ಟರೆ ಉಳಿದ ಯಾವುದೂ ನೆಟ್ಟಗಿರುವುದಿಲ್ಲ ಅಂತ ಇಷ್ಟು ಹೊತ್ತಿಗೆ ನಿಮಗೇ ಗೊತ್ತಾಗಿರಬೇಕು.

ಮುಖ್ಯ ವಿಭಾಗವಾದ ವರ್ಲ್ಡ್ ಕ್ಲಾಸ್‌ಗೆ ವಯಸ್ಸಿನ ಮಿತಿ ಇದೆ, ಜೂನ್ 1ರ ಹೊತ್ತಿಗೆ 22 ತುಂಬಿರಬಾರದು. ಆಯ್ಕೆ ಶಿಬಿರಗಳು ಚಳಿಗಾಲದಲ್ಲಿ, ಪೂರ್ಣಾವಧಿ ತರಬೇತಿ ಮೇ ತಿಂಗಳಲ್ಲಿ, ಪ್ರವಾಸ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ. ಬಸ್ಸಲ್ಲಿ ಪ್ರಯಾಣ, ಶಾಲೆಗಳ ಜಿಮ್ ನೆಲದ ಮೇಲೆ ನಿದ್ದೆ. ಶುಲ್ಕವೂ ಕಡಿಮೆ ಏನಲ್ಲ, ಮೊದಲೇ ಕೇಳಿಕೊಳ್ಳಿ. ಕಾನ್‌ಕಾರ್ಡ್‌ನ ಬ್ಲೂ ಡೆವಿಲ್ಸ್, ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್, ಎರಡೂ ಕನ್ನಡದ ಮನೆಗಳು ತುಂಬಾ ಇರುವ ಬೇ ಏರಿಯಾದವು, ಹಾಗಾಗಿ ಅಲ್ಲಿರುವವರು ಅಭ್ಯಾಸ ನೋಡಲು ದೂರ ಹೋಗಬೇಕಿಲ್ಲ. ಆಯ್ಕೆಗೆ ಹೋಗುವ ಮೊದಲು ಆಯಾ ತಂಡದ ವೆಬ್‌ಸೈಟಿನಲ್ಲಿ ಆಡಿಷನ್ ಪ್ಯಾಕೆಟ್ ಇಳಿಸಿಕೊಂಡು ಅವರ ಪಾದದ ಪದ್ಧತಿ ಯಾವುದು ಅಂತ ಓದಿ, ಅದನ್ನೇ ಅಭ್ಯಾಸ ಮಾಡಿ. ಶೂ ತೆಳುವಾದ, ಬಾಗುವ ತಳದ್ದು ಇರಲಿ. ದಪ್ಪ ಗಾಳಿಮೆತ್ತೆಯ ರನ್ನಿಂಗ್ ಶೂ ಹಾಕಿದರೆ ಹಿಮ್ಮಡಿಯಿಂದ ಬೆರಳಿಗೆ ಪಾದ ಉರುಳುವುದು ಆಯ್ಕೆ ಮಾಡುವವರಿಗೂ ಕಾಣುವುದಿಲ್ಲ, ನಿಮಗೂ ತಿಳಿಯುವುದಿಲ್ಲ.